ಒಂದು ಬಡಿತ ಹೌದು, ಎರಡು ಬಡಿತ ಅಲ್ಲ

ಅವಳ ಹೆಸರು ಡಿಪೋದ ಹಾಜರಿ ಪುಸ್ತಕದಲ್ಲಷ್ಟೇ ಇತ್ತು. ಬಸ್ಸಿನಲ್ಲಿ ಎಲ್ಲರಿಗೂ ಅವಳು ಗಂಟಲಕ್ಕ. ಹದಿನಾಲ್ಕು ವರ್ಷದ ಕಂಡಕ್ಟರ್ ಕೆಲಸದಲ್ಲಿ ಆ ಗಂಟಲು ಹದಗೊಂಡಿತ್ತು. ಅವಳು ಹಿಂದಿನ ಬಾಗಿಲಲ್ಲಿ ನಿಂತು "ಮುಂದೆ ಸರೀರಿ, ಜಾಗ ಇದೆ" ಎಂದರೆ ಡ್ರೈವರ್ ಕೂಡ ಸೀಟಿನಲ್ಲೇ ಸ್ವಲ್ಪ ಮುಂದೆ ಸರಿಯುತ್ತಾನೆ ಎಂದು ದಿನಾ ಬರುವವರು ತಮಾಷೆ ಮಾಡುತ್ತಿದ್ದರು. ಮನೆಯಲ್ಲಿ ಮಾತ್ರ ಆ ಗಂಟಲಿನ ಆಟ ನಡೆಯುತ್ತಿರಲಿಲ್ಲ. ಅಲ್ಲಿ ಅತ್ತೆಯದೇ ದರ್ಬಾರು.

ಅತ್ತೆ ಹಾಸ್ಟೆಲೊಂದರ ಅಡುಗೆಮನೆಯನ್ನು ಇಪ್ಪತ್ತೈದು ವರ್ಷ ಆಳಿ ನಿವೃತ್ತಳಾದವಳು. ಎರಡು ಹೊತ್ತಿಗೆ ನೂರಾರು ಮಂದಿಗೆ ಬಡಿಸಿದ ಹೆಂಗಸಿಗೆ ಒಬ್ಬ ಸೊಸೆಯನ್ನು ಹದ್ದುಬಸ್ತಿನಲ್ಲಿಡುವುದು ಯಾವ ಲೆಕ್ಕ? ಆದರೆ ಕಳೆದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ನಿಂತಿತು. ಕಣ್ಣುಗಳು ಮಾತ್ರ ಮೊದಲಿನಂತೆಯೇ ಇದ್ದವು: ಪಾತ್ರೆಯ ತಳ ಹತ್ತಿದೆಯೋ ಎಂದು ನೋಡುವ ಕಣ್ಣು.

ವಾರಕ್ಕೊಮ್ಮೆ ಬರುವ ನರ್ಸಮ್ಮ ಒಂದು ಆಟ ಹೇಳಿಕೊಟ್ಟಳು. "ಅಜ್ಜಿ ಮನೇಲಿರೋ ಒಂದು ಸಾಮಾನು ಮನಸ್ಸಲ್ಲಿ ಇಟ್ಕೊಳ್ಳಲಿ. ನೀವು ಒಂದೊಂದೇ ಪ್ರಶ್ನೆ ಕೇಳಿ ಕಂಡುಹಿಡೀರಿ. ಹೌದು ಅನ್ನೋಕೆ ಚಮಚದಲ್ಲಿ ತಟ್ಟೆಗೆ ಒಂದು ಸಲ ಬಡೀಬೇಕು, ಅಲ್ಲ ಅನ್ನೋಕೆ ಎರಡು ಸಲ. ಮೆದುಳಿಗೆ ಒಳ್ಳೆ ಕಸರತ್ತು."

ಮಗ ಆಡಿದರೆ ಮುದುಕಿ ಬಾಚಣಿಗೆ, ಬಕೆಟ್ಟು, ಕನ್ನಡಿ ಇಂಥವನ್ನೇ ನೆನೆಯುತ್ತಿದ್ದಳು. ಮೂರು ಪ್ರಶ್ನೆಗೆ ಅವನು ಗೆದ್ದು, "ನೋಡಿದ್ಯಾ, ಅಮ್ಮ ಎಷ್ಟು ಚುರುಕಾಗಿದ್ದಾಳೆ" ಎಂದು ಬೀಗುತ್ತ ಲಿಫ್ಟ್ ರಿಪೇರಿಯ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಸೊಸೆ ಕೂತಳೆಂದರೆ ಸೋರುವ ನಲ್ಲಿಯೊಳಗಿನ ವಾಷರ್ರು, ಬೀರುವಿನ ಹಿಂಬದಿಯ ಮೊಳೆ. ಒಮ್ಮೊಮ್ಮೆ ಉತ್ತರ ಸಿಕ್ಕುವ ಹೊತ್ತಿಗೆ ಮುದುಕಿ ಸಾಮಾನನ್ನೇ ಬದಲಿಸುತ್ತಿದ್ದಳು ಎಂಬುದು ಗಂಟಲಕ್ಕನ ದೂರು. "ನಿಮ್ಮಮ್ಮ ಮೋಸ ಮಾಡ್ತಾರೆ" ಎಂದರೆ ಗಂಡ ನಕ್ಕುಬಿಡುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಗಂಟಲಕ್ಕ ಅತ್ತೆಯ ಉದ್ದ ಕೂದಲನ್ನು ಅವಳನ್ನು ಕೇಳದೆಯೇ ಕತ್ತರಿಸಿದಳು. ಡ್ಯೂಟಿಗೆ ಓಡುವ ಮೊದಲು ಅದನ್ನು ತೊಳೆದು, ಸಿಕ್ಕು ಬಿಡಿಸಿ, ಒಣಗಿಸಿ ಅವಳಿಗೆ ಸಾಕಾಗಿ ಹೋಗಿತ್ತು. ಮುದುಕಿ ಅಳಲಿಲ್ಲ. ಎಡಗೈಯಿಂದ ಮೋಟುಗೂದಲನ್ನು ಸವರಿಕೊಂಡು ಸೊಸೆಯನ್ನು ದಿಟ್ಟಿಸಿದಳು, ಅಷ್ಟೆ.

ಮಾರನೆಯ ಮಧ್ಯಾಹ್ನ ತಾನೇ ತಟ್ಟೆ ಎಳೆದುಕೊಂಡು ಬಡಿದಳು. ಆಟಕ್ಕೆ ಕರೆ.

"ಅಡುಗೆಮನೇಲಿದೆಯಾ?" ಎರಡು ಬಡಿತ.

"ಕಬ್ಬಿಣದ್ದಾ?" ಒಂದು.

"ದಿನಾ ಬಳಸ್ತೀವಾ?" ಎರಡು.

ಇಸ್ತ್ರಿಪೆಟ್ಟಿಗೆಯಲ್ಲ, ಸುತ್ತಿಗೆಯಲ್ಲ, ಬೀಗವಲ್ಲ. ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ಬಟ್ಟೆ ಮಡಚುತ್ತ ಗಂಟಲಕ್ಕ ರೇಗಿಕೊಂಡೇ ಕೇಳಿದಳು. "ಯಾರ್ದು ಅದು? ನಿಮ್ದಾ?"

ಎರಡು.

"ನಿಮ್ಮ ಮಗಂದಾ?"

ಎರಡು.

"ಮತ್ತೆ ನಂದಾ?"

ಮುದುಕಿಯ ತುಟಿಯ ಎಡತುದಿ ಮೇಲಕ್ಕೆದ್ದಿತು. ಒಂದು ಬಡಿತ.

"ತವರಿಂದ ತಂದಿದ್ದಾ?" ಒಂದು. "ಸದ್ದು ಮಾಡುತ್ತಾ?" ಒಂದು.

ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು. ಅವಳಿಗೆ ಉತ್ತರ ಗೊತ್ತಾಗಿಹೋಗಿತ್ತು. ಅಲಾರಂ ಗಡಿಯಾರ.

ಹದಿನೇಳು ವರ್ಷದ ಹಿಂದಿನ ಮಾತು. ಕಂಡಕ್ಟರ್ ಪರೀಕ್ಷೆ ಪಾಸಾಗಿ, ತರಬೇತಿಯ ಮೊದಲ ದಿನ ಬೆಳಗ್ಗೆ ಐದೂವರೆಗೆ ಡಿಪೋದಲ್ಲಿರಬೇಕಿತ್ತು. ಹಿಂದಿನ ಮಧ್ಯಾಹ್ನವೇ ಕೀ ಕೊಟ್ಟು ತಲೆದಿಂಬಿನ ಪಕ್ಕ ಇಟ್ಟಿದ್ದ ಗಡಿಯಾರವನ್ನು ರಾತ್ರಿ ಕತ್ತಲಲ್ಲಿ ಮಲಗುವಾಗ ನೋಡಿರಲಿಲ್ಲ; ಬೆಳಗ್ಗೆ ಅದು ಇರಲಿಲ್ಲ. ಅವಳು ಎದ್ದಾಗ ಬಿಸಿಲು ಬಂದಿತ್ತು. ಏದುಸಿರು ಬಿಡುತ್ತ ಡಿಪೋಗೆ ಹೋದರೆ ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿದ್ದರು. ಮುಂದಿನ ನೇಮಕಾತಿಗೆ ಮೂರು ವರ್ಷ ಕಾಯಬೇಕಾಯಿತು. ಆ ಮೂರು ವರ್ಷ ಅವಳು ಅತ್ತೆಯ ಕೈಕೆಳಗೆ ಬಿಟ್ಟಿ ಆಳಾಗಿ ಕಳೆದಿದ್ದಳು.

"ಪಾತ್ರೆಯವಳು ನಿನ್ನೆ ಸಾಯಂಕಾಲ ಕೋಣೆ ಒರೆಸೋಕೆ ಹೋಗಿದ್ಲಪ್ಪ" ಎಂದು ಅತ್ತೆ ಆವತ್ತು ಹೇಳಿದ್ದಳು. ಅಷ್ಟೇ ಸಾಕಾಗಿತ್ತು. ಪಾತ್ರೆ ತೊಳೆಯುವ ಹೆಂಗಸು ಕೆಲಸಕ್ಕೆ ಬರುತ್ತಿದ್ದಂತೆ ಅವಳನ್ನು ಬೀದಿಯಲ್ಲೇ ತಡೆದು, ಕೈಚೀಲ ಕಿತ್ತು ನೆಲಕ್ಕೆ ಸುರಿದವಳು ಗಂಟಲಕ್ಕನೇ. ಗಡಿಯಾರ ಸಿಗಲಿಲ್ಲ. ಆದರೂ ಆ ಬೀದಿಯ ನಾಲ್ಕು ಮನೆಯವರೂ ಆ ಹೆಂಗಸನ್ನು ಕೆಲಸದಿಂದ ಬಿಡಿಸಿದರು.

"ಬಚ್ಚಿಟ್ಟಿದ್ದು ನೀವೇನಾ?"

ಒಂದು ಬಡಿತ. ತಟ್ಟೆಯ ಅಂಚು ಅದುರುವಷ್ಟು ಜೋರಾಗಿ.

"ಈ ಮನೇಲೇ ಇದೆಯಾ? ಅಟ್ಟದಲ್ಲಾ? ನಿಮ್ಮ ಟ್ರಂಕಲ್ಲಾ?" ಕೊನೆಯದಕ್ಕೆ ಒಂದು ಬಡಿತ.

ಅತ್ತೆಯ ಮಂಚದಡಿಯ ಟ್ರಂಕನ್ನು ಅವಳು ದರದರ ಎಳೆದಳು. ಹಳೆಯ ಕಂಬಳಿಗಳ ಕೆಳಗೆ, ಹಾಸ್ಟೆಲ್ಲಿನ ಟವೆಲಿನಲ್ಲಿ ಸುತ್ತಿದ ಗಡಿಯಾರ ಸಿಕ್ಕಿತು. ಕಾಲುಗಳಿಗೆ ತುಕ್ಕು ಹಿಡಿದಿತ್ತು. ತಲೆ ಎತ್ತಿದರೆ ಮುದುಕಿ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ತಪ್ಪೊಪ್ಪಿಗೆಯ ಸುಳಿವೂ ಇರಲಿಲ್ಲ. ಕೂದಲಿಗೆ ಗಡಿಯಾರ, ಲೆಕ್ಕ ಚುಕ್ತಾ ಎಂಬ ನೋಟ.

"ನಿಮ್ಮ ಕೈ ಒಂದೇ ಅಲ್ಲ, ಎರಡೂ ಬಿದ್ದುಹೋಗ್ಬೇಕಿತ್ತು" ಎಂದಳು ಗಂಟಲಕ್ಕ. ಆಡಿದ ಮಾತಿಗೆ ಅವಳು ಆಮೇಲೂ ಪಶ್ಚಾತ್ತಾಪ ಪಡಲಿಲ್ಲ.

ಗಂಡ ಬಂದು ಎಲ್ಲ ಕೇಳಿ, "ಹಳೇ ಕಥೆ, ಬಿಡು ಅತ್ಲಾಗೆ. ಕೊನೆಗೆ ಕೆಲಸ ಸಿಕ್ತಲ್ಲ" ಎಂದ.

"ನಂಗೆ ಸಿಕ್ತು. ಅವಳಿಗೆ?"

"ಯಾರಿಗೆ?" ಎಂದ ಅವನು. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ವಾರದ ರಜೆಯ ದಿನ ಗಂಟಲಕ್ಕ ಹುಡುಕಿಕೊಂಡು ಹೋದಳು. ಊರಿನ ಇನ್ನೊಂದು ತುದಿಯಲ್ಲಿ, ನೀರಿನ ಟ್ಯಾಂಕಿನ ಹಿಂದಿನ ಸಾಲುಮನೆಗಳಲ್ಲಿ ಕೊನೆಯದು. ಬಾಗಿಲು ತೆಗೆದ ಹೆಂಗಸಿಗೆ ಈಗ ಅರವತ್ತರ ಮೇಲಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದಳು. ಒಳಗೆ ಕರೆಯಲಿಲ್ಲ. ಹೊಸಿಲಲ್ಲೇ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತಳು.

"ಅಕ್ಕಾ, ನೀವು..." ಎಂದು ಗಂಟಲಕ್ಕ ಶುರುಮಾಡಿದಳು.

"ಆವತ್ತು 'ಏನೇ' ಅಂದಿದ್ದೆ. ಇವತ್ತು 'ನೀವು' ಆದ್ನಾ?"

ಗಂಟಲಕ್ಕ ಗಡಿಯಾರ ತೆಗೆದು ತೋರಿಸಿ, ಅದು ಎಲ್ಲಿ ಸಿಕ್ಕಿತೆಂದು ಹೇಳಿದಳು. ಬಸ್ಸಿನ ಎರಡು ತುದಿಗೂ ಮುಟ್ಟುವ ಆ ದನಿ ಹೊಸಿಲು ದಾಟಲೂ ಒದ್ದಾಡುತ್ತಿತ್ತು. ಆ ಹೆಂಗಸು ಕೊನೆಯವರೆಗೂ ಕೇಳಿದಳು. ಆಮೇಲೆ ತಾನು ಕೇಳತೊಡಗಿದಳು.

"ನನ್ನ ಚೀಲ ನೆಲಕ್ಕೆ ಸುರಿದ್ಯೋ ಇಲ್ವೋ?"

"ಸುರಿದೆ."

"ನಡುಬೀದೀಲಿ?"

"ಹೌದು."

"ಅದರೊಳಗೆ ಗಡಿಯಾರ ಇತ್ತಾ?"

"ಇಲ್ಲ."

"ಇಲ್ಲ ಅಂತ ಗೊತ್ತಾದ್ಮೇಲೆ ಕೆಳಗೆ ಬಿದ್ದಿದ್ದನ್ನ ಎತ್ತಿಕೊಟ್ಯಾ?"

ಗಂಟಲಕ್ಕ ತಲೆ ಅಲ್ಲಾಡಿಸಿದಳು.

"ಬಾಯಲ್ಲಿ ಹೇಳು."

"ಇಲ್ಲ. ಎತ್ತಿಕೊಡ್ಲಿಲ್ಲ."

"ನಿಮ್ಮತ್ತೆ ಕದ್ದಿದ್ದು ಗಡಿಯಾರ. ನೀನು ನನ್ನ ನಾಲ್ಕು ಮನೆ ಕೆಲಸ ಕಳೆದೆ. ಈಗ ಅವಳ ಹೆಸರು ಹೇಳ್ಕೊಂಡು ಹಗುರ ಆಗೋಕೆ ಬಂದಿದ್ದೀಯ." ಅವಳು ಗಡಿಯಾರವನ್ನು ಬೆರಳ ತುದಿಯಿಂದ ದೂರ ತಳ್ಳಿದಳು. "ತಗೊಂಡ್ ಹೋಗು ಇದನ್ನ. ಇಲ್ಲೇ ಬಿಟ್ಟು ಹೋದ್ರೆ, ನಾಳೆ ಇವಳ ಮನೇಲೇ ಸಿಕ್ತು ಅಂತ ಮತ್ತೆ ಬರ್ತೀಯ."

ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಚಿಲಕ ಹಾಕಿದ ಸದ್ದೂ ಕೇಳಿಸಿತು.

ಮನೆಯ ಬೀದಿಗೆ ಮರಳಿದಾಗ ಸಂಜೆ ನಾಲ್ಕೂವರೆ. ನಲ್ಲಿಯಲ್ಲಿ ನೀರು ಬರುವ ಹೊತ್ತು, ಎಲ್ಲರೂ ಹೊರಗಿದ್ದರು. ಗಂಟಲಕ್ಕ ಆವತ್ತು ಚೀಲ ಸುರಿದಿದ್ದ ಜಾಗದಲ್ಲಿ ನಿಂತು, ಗಡಿಯಾರ ಎತ್ತಿ ಹಿಡಿದು, ಬಸ್ಸಿನ ದನಿಯಲ್ಲಿ ಹೇಳಿದಳು: "ಪಾತ್ರೆ ತೊಳೀತಿದ್ದ ಆ ಅಕ್ಕ ಕಳ್ಳಿ ಅಲ್ಲ. ಇದು ನಮ್ಮನೆ ಟ್ರಂಕಲ್ಲೇ ಇತ್ತು. ನಮ್ಮತ್ತೆ ಬಚ್ಚಿಟ್ಟಿದ್ರು. ನಾನು ಆ ಅಕ್ಕನ ಮರ್ಯಾದೆ ತೆಗೆದೆ, ನೀವು ಕೆಲಸ ತೆಗೆದ್ರಿ."

ಎದುರುಮನೆಯಾಕೆ ಕೊಡ ತುಂಬಿ ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ. ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಹೋಗಮ್ಮ, ಆಸ್ಪತ್ರೆಗೆ ತೋರಿಸ್ಕೋ" ಎಂದ ಇನ್ನೊಬ್ಬನ ಮನೆಯೂ ಆ ನಾಲ್ಕರಲ್ಲಿ ಒಂದು.

ಗಂಡ ಮೂರು ವಾರ ಮಾತಾಡಲಿಲ್ಲ. ತಾಯಿಯನ್ನು ಬೀದಿಗೆಳೆದಳು ಎಂಬುದು ಅವನ ಸಿಟ್ಟು. ಅವಳು ಡಿಪೋದಲ್ಲಿ ಕೇಳಿ ಮೊದಲ ಪಾಳಿ ಹಾಕಿಸಿಕೊಂಡಳು. ಬೆಳಗಿನ ಹೊತ್ತು ತಾಯಿಯನ್ನು ತೊಳೆದು, ಬಟ್ಟೆ ಬದಲಿಸಿ, ಗಂಜಿ ಕುಡಿಸುವುದು ಅವನ ಪಾಲಿಗೆ ಬಂತು. ಮಧ್ಯಾಹ್ನದ ಮೇಲೆ ಅತ್ತೆಗೆ ಬೇಕಾದ್ದನ್ನೆಲ್ಲ ಅವಳೇ ಮಾಡಿದಳು. ನೀರಾ, ಹಾಸಿಗೆಯಾ ಎಂಬೆರಡು ಪ್ರಶ್ನೆ ಬಿಟ್ಟು ಮೂರನೆಯದನ್ನು ಕೇಳಲಿಲ್ಲ. ಆಟ ಹೇಗೆ ನಡೆದಿದೆ ಎಂದು ನರ್ಸಮ್ಮ ವಿಚಾರಿಸಿದಾಗ, "ಅವರ ಮಗನ್ನ ಕೇಳಿ" ಎಂದಳು.

ಹೊಸ ಪಾಳಿಯ ಬಸ್ಸು ನೀರಿನ ಟ್ಯಾಂಕಿನ ಮುಂದೆ ಹಾದುಹೋಗುತ್ತಿತ್ತು. ಎರಡು ತಿಂಗಳ ಮೇಲೆ ಒಂದು ದಿನ ಆ ಹೆಂಗಸು ಹತ್ತಿದಳು. ಸೀಟುಗಳೆಲ್ಲ ತುಂಬಿದ್ದವು. ಗಂಟಲಕ್ಕ ತನ್ನ ಕಂಡಕ್ಟರ್ ಸೀಟಿನ ಮೇಲಿದ್ದ ಚೀಲ ಎತ್ತಿ ಜಾಗ ಮಾಡಿದಳು. ಆ ಹೆಂಗಸು ಅತ್ತ ತಿರುಗಲಿಲ್ಲ. ಕಂಬ ಹಿಡಿದು ನಿಂತು, ಕಿಟಕಿಯ ಹೊರಗೆ ನೋಡುತ್ತಲೇ ಹಿಂದಕ್ಕೆ ಕೈ ಚಾಚಿ ಪಾಸು ತೋರಿಸಿದಳು. ಗಂಟಲಕ್ಕ ಪಾಸಿನ ತಾರೀಕು ನೋಡಿ, "ಸರಿ ಇದೆ" ಎಂದು ಮುಂದಕ್ಕೆ ಹೋದಳು. ಅವಳ ಸೀಟು ಆವತ್ತು ಕೊನೆಯ ಸ್ಟಾಪಿನವರೆಗೂ ಖಾಲಿಯೇ ಇತ್ತು.