ಮೂರನೆಯ ಮಂಚದ ದನಿ

ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಒಲೆಯ ಮುಂದೆ ಕುಳಿತಿರುವಾಗಲೇ ಮರೆತುಹೋಗುವ ಸ್ಥಿತಿ ನಿಮಗೆಂದೂ ಬಾರದಿರಲಿ, ಓದುವ ಗೆಳೆಯರೆ. ಯುದ್ಧದ ವರ್ಷಗಳಲ್ಲಿ ಸಿಡುಬೆದ್ದು, ಮಂಡ್ಯದಾಚೆ ತಗಡು ಹೊದಿಸಿ ಎಬ್ಬಿಸಿದ್ದ ಆಸ್ಪತ್ರೆಯಲ್ಲಿ ಮಲಗಿ, ಹನಕೆರೆಯ ಮನೆಗೆ ಮರಳಿದ ಮೇಲೆ ನನಗದು ನಿತ್ಯದ ಪಾಡಾಯಿತು. ಬಾವಿಯಿಂದ ಒಂದು ಕೊಡ ತರುವಷ್ಟರಲ್ಲಿ ಎದೆ ತಿದಿಯಂತೆ ಏಳುತ್ತಿತ್ತು. ಕಾರಣವಿಲ್ಲದೆ ಕಣ್ಣು ತುಂಬುತ್ತಿತ್ತು.

ಅತ್ತೆ ಕೆಟ್ಟವರಲ್ಲ. ಹೊತ್ತ ಹರಕೆ ತೀರಿಸಲು ವೈದ್ಯನಾಥಪುರಕ್ಕೆ ಕರೆದೊಯ್ದು, ದೇವಸ್ಥಾನದ ಜಗಲಿಯಲ್ಲಿ ಗುಳ್ಳೆ ಒಣಗಿ ಕಲೆ ಉಳಿದ ನನ್ನ ಮುಖ ಸವರಿ, "ಹಕ್ಕಳೆ ಎಲ್ಲಾ ಉದುರೋದ್ವಲ್ಲ ಕಣವ್ವ, ಇನ್ನೇನ್ ಬಂದದೆ ನಿಂಗೆ? ಬದುಕಿ ಬಂದಿದೀಯ, ನಗ್ತಾ ಇರು ಬುಡು" ಅಂದರು. ನಾನು ಬದುಕಿ ಬಂದಿದ್ದೆ, ನಿಜ; ಬದುಕು ಮಾತ್ರ ನನ್ನ ಜೊತೆ ಬಂದಿರಲಿಲ್ಲ.

ನಡುಹಗಲಿನ ನಿಶ್ಶಬ್ದದಲ್ಲಿ ನನಗೊಂದು ದನಿ ಕೇಳುತ್ತಿತ್ತು: "ಅವ್ವಾ, ಒಂದ್ ಗುಟುಕು ನೀರು." ಆಸ್ಪತ್ರೆಯ ನಮ್ಮ ಕೋಣೆಯಲ್ಲಿ ಮೂರು ಮಂಚಗಳಿದ್ದವು. ಒಂದರಲ್ಲಿ ನಾನು, ಪಕ್ಕದಲ್ಲಿ ಮದ್ದೂರಿನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರ ಹೆಂಡತಿ ಜೈನಾಬಿ, ಗೋಡೆಯ ಕಡೆಗೆ ಹೆಸರರಿಯದ ಒಬ್ಬಳು. ನೋಡಿಕೊಳ್ಳುವವರು ಯಾರೂ ಬಾರದ ಒಂದು ಮಧ್ಯಾಹ್ನ ಅವಳು ನೀರು ಕೇಳುತ್ತಲೇ ಇದ್ದಳು. ತಲೆ ಎತ್ತಲೂ ನನ್ನಲ್ಲಿ ಶಕ್ತಿಯಿರಲಿಲ್ಲ. ಆಮೇಲೆ ಅವಳು ಕೇಳುವುದನ್ನು ನಿಲ್ಲಿಸಿದಳು.

ಇದನ್ನು ಯಜಮಾನರಿಗೆ ಹೇಳಿದಾಗ, "ನಾನ್ ಬಂದಾಗ ಮೂರ್ನೇ ಮಂಚ ಬರಿದಾಗೇ ಇತ್ತು. ಅದೆಲ್ಲ ಜ್ವರದ ಬಡಬಡಿಕೆ ಕಣೆ" ಅಂದುಬಿಟ್ಟರು. ನನ್ನ ಪುಟ್ಟ ಮಗಳನ್ನು ರೋಗ ಅಂಟೀತೆಂದು ಮಳವಳ್ಳಿಯ ನಾದಿನಿಯ ಮನೆಗೆ ಕಳಿಸಿದ್ದರು. ರೋಗ ಹೋದರೂ ಅವಳು ಬರಲಿಲ್ಲ. "ತಲೆ ನೆಟ್ಟಗಾಗ್ಲಿ, ಆಮೇಲ್ ಮಗೀನ ಕರೆಸಾನ" ಎಂಬ ಪಿಸುಮಾತು ಅಡಿಗೆಮನೆಯವರೆಗೂ ಬಂತು. ಹುಚ್ಚೆಂಬ ಪದವನ್ನು ಯಾರೂ ಆಡಲಿಲ್ಲ, ಆಡದಿರಲು ಎಲ್ಲರೂ ಜೋಪಾನವಾಗಿದ್ದರು.

ಕೊನೆಗೆ ಯಜಮಾನರು ನನ್ನನ್ನು ಮದ್ದೂರಿನ ಡಾಕ್ಟರರಿಗೆ ತೋರಿಸಲು ರೈಲು ಹತ್ತಿಸಿದರು. ಡಾಕ್ಟರು ಟಾನಿಕ್ಕು ಬರೆದುಕೊಟ್ಟರು. ಹಿಂದಿರುಗುವಾಗ ನಾನೇ ಹಟ ಹಿಡಿದು ಕಲಾಯಿ ಸಾಬರ ಮನೆಗೆ ಹೋದೆ. ಯಜಮಾನರು ಹೊಸಿಲಾಚೆ ನಿಂತರು. ನಾನು ಪರದೆ ಸರಿಸಿ ಒಳಹೊಕ್ಕೆ.

ಜೈನಾಬಿಗೆ ಒಂದು ಕಣ್ಣು ಹೋಗಿತ್ತು. ತಿಂಗಳುಗಳಿಂದ ಮನೆಯ ಆ ಒಳಕೋಣೆ ಬಿಟ್ಟು ಹೊರಗೆ ಬಂದಿಲ್ಲವೆಂದು ಸಾಬರು ಆಗಷ್ಟೇ ಹೇಳಿದ್ದರು. ನನ್ನ ಕೈ ಹಿಡಿದವಳು ಕ್ಷೇಮ ಕೇಳಲಿಲ್ಲ.

"ಅಕ್ಕಾ, ಗೋಡೆ ಕಡೆ ಮಂಚದೋಳು ನೀರ್ ಕೇಳ್ತಿದ್ಲಲ್ಲ, ನಿಂಗೂ ಇನ್ನೂ ಕೇಳ್ತದಾ?"

ನಾನು ಹೂಂ ಅಂದೆ. "ನಂಗೊಬ್ಳಿಗೇ ಅಂದ್ಕೊಂಡಿದ್ದೆ" ಎಂದು ಅವಳು ನನ್ನ ಹೆಗಲಿಗೆ ಹಣೆಯಿಟ್ಟಳು. ಇಬ್ಬರೂ ಅತ್ತೆವು. ನನಗೆ ಹುಚ್ಚಿಲ್ಲವೆಂದು ತಿಳಿದ ಕ್ಷಣದಲ್ಲೇ, ಆ ಹೆಂಗಸು ನಿಜವಾಗಿಯೂ ಬಾಯಾರಿ ಸತ್ತಳೆಂಬುದೂ ಖಚಿತವಾಯಿತಲ್ಲ. ಆ ಸಮಾಧಾನವನ್ನು ಸಮಾಧಾನವೆಂದು ಹೇಗೆ ಕರೆಯಲಿ?

ಪರದೆಯಾಚೆ ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರುದಿನ ಬೆಳಗಾದ ಮೇಲೆ ಪಂಚೆ ಉಟ್ಟು, "ಮಳವಳ್ಳಿಗೆ ಓಯ್ತೀನಿ, ಮಗೀನ ಕರ್ಕೊಂಬತ್ತೀನಿ" ಅಂದರಷ್ಟೆ.

ಮಗಳು ನನ್ನ ಕಲೆಬಿದ್ದ ಮುಖ ನೋಡಿ ಬಹಳ ಹೊತ್ತು ಅಪ್ಪನ ಹಿಂದೆ ಅಡಗಿದ್ದಳು. ಸಂಜೆ ತಾನಾಗಿಯೇ ಬಂದು ತೊಡೆಯ ಮೇಲೆ ನಿದ್ದೆಹೋದಳು. ಕಾಲು ಜೋಮು ಹಿಡಿದರೂ ನಾನು ಅಲುಗದೆ ಅವಳ ಉಸಿರನ್ನೇ ಆಲಿಸುತ್ತ ಕುಳಿತೆ. ಆ ಹೊತ್ತು ಬೇರೆ ಯಾವ ದನಿಯೂ ಕೇಳಿಸಲಿಲ್ಲವೆಂದು ಬರೆದರೆ ಸುಳ್ಳಾದೀತು.