ಐದು ಗೆರೆಯ ಅಳಿಲು

ರಾಮ ಬೆನ್ನು ಸವರಿದ್ದಕ್ಕೆ ಅಳಿಲಿಗೆ ಮೂರು ಗೆರೆ ಬಂತೆಂದು ಕೇಳಿ ಬೆಳೆದವಳು ನಾನು. ಡಚ್ಚರ ನಾಡಿನ ಟಿಲ್‌ಬರ್ಗಿಗೆ ಬಂದ ಹೊಸತರಲ್ಲಿ ಮನೆಯ ಹಿಂದಿನ ಕಾಡಂಚಿನಲ್ಲಿ ಕಂಡ ಅಳಿಲಿಗೆ ಐದು ಗೆರೆ! "ಇಲ್ಲಿ ಎಲ್ಲಾ ಹೆಚ್ಚಿಗೇನ ನೋಡ್ರಿ, ಥಂಡಿ ಸೈತ" ಎಂದೆ ಗಂಡನಿಗೆ.

ಆ ಬೇಸಿಗೆಯಲ್ಲಿ ಹಗಲೆಲ್ಲ ಮಾತಾಡಿಸಲು ನನಗೆ ಇದ್ದದ್ದು ಅದೊಂದೇ. ಧಾರವಾಡದಿಂದ ಅವ್ವ ಕಟ್ಟಿಕೊಟ್ಟ ಶೇಂಗಾದಲ್ಲಿ ದಿನಾ ಒಂದು ಹಿಡಿ ಇಟ್ಟೆ. ನಮ್ಮ ಅಳಿಲಾದರೆ ಎದುರಿಗೇ ಕೂತು ತಿನ್ನುತ್ತದೆ. ಈ ಪುಣ್ಯಾತ್ಮ ಗಲ್ಲ ಉಬ್ಬುವಷ್ಟು ತುರುಕಿಕೊಂಡು ನೆಲದೊಳಗಿನ ಬಿಲಕ್ಕೆ ಓಡುತ್ತಿತ್ತು, ಮದುವೆ ಊಟದಲ್ಲಿ ಲಾಡು ಸೆರಗಿಗೆ ಕಟ್ಟಿಕೊಳ್ಳುವ ನಮ್ಮ ಸೋದರತ್ತೆಯ ಹಾಗೆ.

ಪಕ್ಕದ ಮನೆಯ ಕೋರಿ ಎಂಬ ಅಜ್ಜಿ ಇದನ್ನು ನೋಡಿ, "ಹಾಕಬೇಡ, ಅದು ಎಕ್ಸೋಟ್" ಎಂದರು. ಎಕ್ಸೋಟ್ ಎಂದರೆ ಹೊರಗಿನಿಂದ ಬಂದ ಜೀವಿ. ಇದರ ಹಿರೀಕರು ಸೈಬೀರಿಯಾ ಕಡೆಯವರು. ಸಾಕಲು ತಂದವು ತಪ್ಪಿಸಿಕೊಂಡು ಇಲ್ಲಿ ನೆಲೆಯೂರಿದವಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನನಗೆ ಅಳುವೇ ಬಂತು. ಆದರೂ ಶೇಂಗಾ ನಿಲ್ಲಿಸಿದೆ. ಅದೇನೂ ಉಪವಾಸ ಬೀಳಲಿಲ್ಲ. ಓಕ್ ಮರದ ಕಾಯಿ ಆರಿಸಿಕೊಂಡಿತು.

ಚಳಿ ಶುರುವಾದದ್ದೇ ತಡ, ಅಳಿಲು ಕಾಣೆಯಾಯಿತು. ಸತ್ತಿತೆಂದೇ ತಿಳಿದೆ. "ನನಗ ಇಲ್ಲಿ ಆಗಂಗಿಲ್ರಿ. ಊರಿಗೆ ಹೋಗಿಬಿಡ್ತೀನಿ, ವಾಪಸ್ ಬರಂಗಿಲ್ಲ" ಎಂದೆ.

ಗಂಡ ನನಗೆ ಶಾಲು ಹೊದಿಸಿದರು. "ಥಂಡಿ ಕಳೀಲಿ. ಆಮ್ಯಾಲೂ ಹಂಗ ಅನಿಸಿದ್ರ ನಾನ ಬಂದು ಬಿಟ್ಟು ಬರ್ತೀನಿ."

ಅಳಿಲು ಸತ್ತ ಸುದ್ದಿ ಹೇಳಿದರೆ ಕೋರಿ ನಕ್ಕರು. "ಸತ್ತಿಲ್ಲ, ಮಲಗಿದೆ. ನಡುನಡುವೆ ಎದ್ದು ಕೂಡಿಟ್ಟದ್ದನ್ನು ತಿಂದು ಮತ್ತೆ ಮಲಗುತ್ತದೆ." ಒಳಗೆ ಕರೆದು, ಮಾಂಸ ಹಾಕದ ಬಟಾಣಿ ಸೂಪು ಕೊಟ್ಟರು. ಮರುವಾರ ನಾನು ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಖಾರದ ಚಟ್ನಿಪುಡಿ, ಒಯ್ದೆ. ಕೆಮ್ಮಿ ಕೆಮ್ಮಿ, ಇನ್ನಷ್ಟು ಕೇಳಿದರು. ಆ ಚಳಿಗಾಲ ನನಗೆ ಡಚ್ ಮಾತು ಕಲಿಸಿದವರು ಅವರೇ.

ಮಾರ್ಚ್ ತಿಂಗಳ ಒಂದು ಬಿಸಿಲ ಬೆಳಗ್ಗೆ ಬೇಲಿಯ ಬುಡದಲ್ಲಿ ಐದು ಗೆರೆ ಕಂಡವು. ನನ್ನ ಕೂಗಿಗೆ ಗಂಡ ಹಲ್ಲುಜ್ಜುವ ಬ್ರಷ್ ಹಿಡಿದೇ ಓಡಿ ಬಂದರು.

"ಟಿಕೆಟ್ ಮಾಡಸ್ರಿ" ಎಂದೆ. ಅವರ ಮುಖ ಬಾಡಿತು. "ಹೋಗೂದು, ಬರೂದು, ಎರಡೂ."

ಧಾರವಾಡದ ಹಿತ್ತಲಲ್ಲಿ ಮೂರು ಗೆರೆಯ ಅಳಿಲು ಅವ್ವ ಇಟ್ಟ ಶೇಂಗಾವನ್ನು ಕೂತಲ್ಲೇ ತಿನ್ನುತ್ತಿತ್ತು. "ಇದು ಮನಿಗೆ ಒಯ್ಯಂಗೇ ಇಲ್ಲ ನೋಡವ್ವಾ" ಎಂದೆ.

ಅವ್ವ ನನ್ನ ಚೀಲದಲ್ಲಿ ಹಿಂಡಿಯ ಪೊಟ್ಟಣ ತುರುಕುತ್ತಿದ್ದಳು. "ಅದರ ಮನಿ ಇಲ್ಲೇ ಐತಿ. ನೀ ಒಯ್ಯಿ, ನಿಮ್ಮ ಮನಿಗೆ."

ಟಿಲ್‌ಬರ್ಗನ್ನು ಅವಳು ನಿಮ್ಮ ಮನೆ ಎಂದದ್ದು ಅದೇ ಮೊದಲು. ಖುಷಿಯಾಯಿತು. ಸಂಕಟವೂ ಆಯಿತು.