ಜಾನಿಕೊಲೊ ಗುಡ್ಡದ ಗಂಟಲು

ರೋಮಿನ ಜಾನಿಕೊಲೊ ಗುಡ್ಡಕ್ಕೆ ಹತ್ತಿ ಬಂದವರೆಲ್ಲ ಗುಮ್ಮಟ ಎಣಿಸುತ್ತಾರೆ. ಹದಿನಾಲ್ಕೋ ಹದಿನೈದೋ ಆದಮೇಲೆ ಎಣಿಕೆ ತಪ್ಪಿ, ಹೆಂಡತಿಯ ಜೊತೆ ಜಗಳವಾಡಿ, ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಕಾಳು ಮಾರುವ ಸೆತ್ತಿಮಿಯಾ ಅಲ್ಲೇ ಗುಡ್ಡದ ಅಂಚಿನ ಕಟ್ಟೆಯ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ನಿಂತಿದ್ದರೂ ಒಂದು ದಿನವೂ ಗುಮ್ಮಟ ಎಣಿಸಿದವಳಲ್ಲ. ಎಲ್ಲರೂ ದೂರ ನೋಡುವ ಜಾಗದಲ್ಲಿ ನಿಂತು ಅವಳು ಕೆಳಗೆ ನೋಡುತ್ತಿದ್ದಳು.

ಕೆಳಗೆ, ಗುಡ್ಡಕ್ಕೂ ನದಿಗೂ ನಡುವೆ, ರೆಜಿನಾ ಚೇಲಿ ಜೈಲು. ಸ್ವರ್ಗದ ರಾಣಿ ಎಂದು ಹೆಸರಿನ ಅರ್ಥ. ಒಂದು ಕಾಲಕ್ಕೆ ಅದು ಸಂನ್ಯಾಸಿನಿಯರ ಕಾನ್ವೆಂಟಾಗಿತ್ತು. ಕಾನ್ವೆಂಟಿನಲ್ಲಿ ಓದಿದ ಯಾರೂ ಈ ಬದಲಾವಣೆಗೆ ಹುಬ್ಬೇರಿಸಲಾರರು. ಜೈಲಿನ ಒಂದೊಂದು ಸಾಲು ಕಟ್ಟಡಕ್ಕೂ 'ತೋಳು' ಎನ್ನುತ್ತಾರೆ. ತೋಳುಗಳೇನೋ ಬೇಕಾದಷ್ಟಿವೆ, ತಬ್ಬಿಕೊಳ್ಳುವುದು ಮಾತ್ರ ಅದಕ್ಕೆ ಬರುವುದಿಲ್ಲ.

ಗುಡ್ಡದ ಮೇಲೆ, ಜೈಲಿನ ನೆತ್ತಿಗೆ ಸರಿಯಾಗಿ, ಆ ಕಟ್ಟೆಯ ಹತ್ತಿರವೇ ಒಂದು ದೀಪಸ್ತಂಭವಿದೆ. ಸಮುದ್ರವಿಲ್ಲದ ಊರಿಗೆ ದೀಪಸ್ತಂಭ ಯಾಕೆ ಎಂದು ಬಂದವರೆಲ್ಲ ಕೇಳುತ್ತಾರೆ. ಅದರ ಬುಡದಲ್ಲಿ ನಿಂತು ಕೆಳಗಿನ ಕೈದಿಗಳಿಗೆ ಮನೆಯ ಸುದ್ದಿ ಕೂಗುವುದು ನದಿಯಾಚೆ ಈಚೆಯ ಜನರ ಹಳೆಯ ರೂಢಿ. 'ಗಂಡು ಮಗು', 'ವಕೀಲ ಸೋಮವಾರ ಬರ್ತಾನೆ', 'ಅಜ್ಜಿ ಆಸ್ಪತ್ರೆಯಿಂದ ಬಂದ್ಲು', ಹೀಗೆ. ಕೂಗಲು ಎಲ್ಲರ ಗಂಟಲೂ ಸಾಲುವುದಿಲ್ಲ. ಸಾಲದವರು ಸೆತ್ತಿಮಿಯಾಳ ಹತ್ತಿರ ಬರುತ್ತಿದ್ದರು.

ಅವಳು ಏಳನೆಯ ಮಗು. ಹೆಸರಿನಲ್ಲೇ ಏಳು ಇದೆ. ಆರು ಜನ ಅಣ್ಣಂದಿರ ನಡುವೆ ಕೂಗದೆ ಅನ್ನ ಸಿಗುವ ಮನೆಯಲ್ಲ ಅದು. ಕೂಗಿ ಕೂಗಿ ಬೆಳೆದ ಗಂಟಲು ಮುಂದೆ ಲುಪಿನಿ ಕಾಳು ಮಾರುವ ಕಸುಬಿಗೆ ಒದಗಿತು. ಉಪ್ಪುನೀರಲ್ಲಿ ನೆನೆಸಿದ ಆ ಹಳದಿ ಕಾಳನ್ನು ಅವರೆಕಾಳಿನ ಹಾಗೆ ಹಿತಕಿ, ಸಿಪ್ಪೆ ಉಗಿದು ತಿನ್ನಬೇಕು. ಕೂಗಿಗೆ ಅವಳು ಕೂಲಿ ಕೇಳುತ್ತಿರಲಿಲ್ಲ. ಒಂದು ಪೊಟ್ಟಣ ಕಾಳು ಕೊಂಡರೆ ಸರಿ. ಹಿರಿಯ ಹೆಂಗಸರನ್ನು ಅಲ್ಲಿ 'ಸೋರಾ' ಎಂದು ಮರ್ಯಾದೆಯಿಂದ ಕರೆಯುತ್ತಾರೆ. ಹೆಸರಿಗೆ ಸೋರಾ ಆದರೂ ಅವಳ ಬಾಯಿಂದ ಗುಟ್ಟೊಂದೂ ಸೋರಿದ್ದಿಲ್ಲ.

ಪ್ರವಾಸಿಗರ ವಿಷಯದಲ್ಲಿ ಮಾತ್ರ ಅವಳ ನಾಲಿಗೆಗೆ ಹಿಡಿತವಿರಲಿಲ್ಲ. "ಆ ಬಿಳೀದು ಯಾವ ಕಟ್ಟಡ?" ಎಂದು ಯಾರಾದರೂ ಕೇಳಿದರೆ ಒಂದು ದಿನ ರಾಜನ ಮದುವೆ ಮಂಟಪ ಎನ್ನುವಳು, ಇನ್ನೊಂದು ದಿನ ಯಾವನೋ ಕಾರ್ಡಿನಲ್ ಪಾದ್ರಿಯ ಸ್ನಾನದ ಮನೆ ಎನ್ನುವಳು. ಅಲ್ಲೇ ಮೂರು ಕಾಲಿನ ಕ್ಯಾಮೆರಾ ಇಟ್ಟುಕೊಂಡು ಪ್ರವಾಸಿಗರ ಫೋಟೋ ತೆಗೆಯುತ್ತಿದ್ದ ಮುದುಕ ರಿಗೆತ್ತೊ ತಲೆ ಚಚ್ಚಿಕೊಳ್ಳುತ್ತಿದ್ದ.

"ಬಾಯಿಗೆ ಬಂದದ್ದು ಹೇಳ್ತೀಯಲ್ಲೇ ಸೆತ್ತಿಮಿಯಾ, ಪಾಪ ಬರೀ ನೋಟಕ್ಕೆ ಅಂತ ನೋಟು ಸುರಿದು ಬಂದಿರ್ತಾರೆ."

"ನಿಜ ಕೇಳಕ್ಕೆ ಯಾರೂ ಗುಡ್ಡ ಹತ್ತಲ್ಲ ಕಣೋ. ಚೆನ್ನಾಗಿರೋದು ಕೇಳಕ್ಕೆ ಹತ್ತೋದು."

ಇದನ್ನು ಅವಳು ನಂಬಿದ್ದಳು. ಮುಂದೆ ಆದದ್ದಕ್ಕೆಲ್ಲ ಈ ನಂಬಿಕೆಯೇ ಕಾರಣ.

ಆ ವರ್ಷ ಚಳಿಗಾಲದ ಶುರುವಿನಲ್ಲಿ ಎರ್ಸಿಲಿಯಾ ಎಂಬ ಹುಡುಗಿ ಬಂದಳು. ಗುಡ್ಡದ ಕೆಳಗಿನ ತ್ರಾಸ್ತೇವೆರೆ ಕೇರಿಯ ಒಂದು ಇಸ್ತ್ರಿ ಅಂಗಡಿಯಲ್ಲಿ ಕೆಲಸ. ಬೆರಳ ತುದಿಯಲ್ಲೆಲ್ಲ ಸುಟ್ಟ ಕಲೆ. ದನಿ ಇಲಿಯದು. ಅವಳನ್ನು ಮದುವೆಯಾಗಬೇಕಿದ್ದ ಒರೆಸ್ತೆ ಮನೆ ಸೂರುಗಳಿಗೆ ತಗಡು ಹೊದಿಸುವವನು. ಸಿರಿವಂತನೊಬ್ಬನ ಸೂರು ರಿಪೇರಿ ಮಾಡಲು ಹತ್ತಿದವನು ಇಳಿಯುವಾಗ ಹಳೆಯ ಸೀಸದ ಹಾಳೆಗಳನ್ನೂ ಜೊತೆಗೆ ಇಳಿಸಿಕೊಂಡಿದ್ದ. ಹದಿನಾಲ್ಕು ತಿಂಗಳು ಶಿಕ್ಷೆ. ಮದುವೆಯಾಗದ ಹುಡುಗಿಗೆ ಜೈಲಿನ ಒಳಗೆ ಭೇಟಿಯಿಲ್ಲ, ಅವಳ ಕಾಗದವನ್ನೂ ಒಳಗೆ ಬಿಡರು. ಒರೆಸ್ತೆಗೆ ತಾಯಿತಂದೆಯಿಲ್ಲ. ಇಬ್ಬರ ನಡುವೆ ಉಳಿದದ್ದು ಈ ಗುಡ್ಡ ಮತ್ತು ಈ ಗಂಟಲು.

"ಸೋರಾ ಸೆತ್ತಿಮಿಯಾ, ಅವ್ನಿಗೆ ನಾನು ಚೆನ್ನಾಗಿದ್ದೀನಿ ಅಂತ ಹೇಳ್ತೀರಾ?"

"ಅಷ್ಟೇನಾ? ಇದಕ್ಕೆ ಇಷ್ಟು ಎತ್ತರ ಹತ್ತಿ ಬಂದ್ಯಾ? ಮುತ್ತು ಗಿತ್ತು ಏನೂ ಬೇಡ್ವಾ?"

ಹುಡುಗಿ ಕೆಂಪಾದಳು. ಸೆತ್ತಿಮಿಯಾ ಎರಡೂ ಕೈ ಬಾಯಿಗೆ ಕಹಳೆಯ ಹಾಗೆ ಹಿಡಿದು, "ಮೂರನೇ ತೋಳಿನ ಒರೆಸ್ತೇ! ಎರ್ಸಿಲಿಯಾ ಚೆನ್ನಾಗಿದ್ದಾಳೇ! ಒಂದು ಮುತ್ತು ಕೊಟ್ಟಿದ್ದಾಳೇ, ನನ್ನ ಹತ್ರ ಇದೇ, ಬಂದು ತಗೊಂಡು ಹೋಗೋ!" ಎಂದು ಕೂಗಿದಳು. ಕೆಳಗಿನ ಕಿಟಕಿಗಳಿಂದ ಶಿಳ್ಳೆ ಎದ್ದವು. ಒಂದು ಕಿಟಕಿಯ ಸರಳುಗಳ ನಡುವಿನಿಂದ ಬಿಳಿ ಬಟ್ಟೆ ಹೊರಬಂದು ಮೂರು ಸಲ ಬೀಸಿತು.

ಕೈದಿಗಳು ತಿರುಗಿ ಕೂಗುವ ಹಾಗಿಲ್ಲ. ಅವರ ಉತ್ತರವೆಲ್ಲ ಬಟ್ಟೆಯಲ್ಲಿ. ಮೂರು ಸಲ ಬೀಸಿದರೆ 'ಕೇಳಿಸಿತು, ಆಗಲಿ'. ಒಂದೇ ಸಲ ಬೀಸಿದರೆ 'ಬೇಡ'. ಗುಡ್ಡದ ಮೇಲಿನವರಿಗೆಲ್ಲ ಇದು ಬಾಯಿಪಾಠ.

ಆಮೇಲೆ ಪ್ರತಿ ಭಾನುವಾರ ಇಳಿಹೊತ್ತಿಗೆ ಎರ್ಸಿಲಿಯಾ ಬರುತ್ತಿದ್ದಳು. ಕಾಳು ಹಿತಕುತ್ತ, ಬಿಳಿ ಬಟ್ಟೆ ಮೂರು ಸಲ ಆಡುವುದನ್ನು ನೋಡಿ, ಇಳಿದು ಹೋಗುತ್ತಿದ್ದಳು. ಸೆತ್ತಿಮಿಯಾಗೆ ಮಕ್ಕಳಿರಲಿಲ್ಲ. ಈ ಮದುವೆಗೆ ಯಾವ ರವಿಕೆ ಹಾಕಿಕೊಳ್ಳುವುದು ಎನ್ನುವವರೆಗೂ ಅವಳ ಲೆಕ್ಕಾಚಾರ ಮುಟ್ಟಿತ್ತು. "ಹುಡುಗಿ ಕಡೆಯವಳೋ ಹುಡುಗನ ಕಡೆಯವಳೋ ನೀನು?" ಎಂದು ರಿಗೆತ್ತೊ ಛೇಡಿಸಿದರೆ, "ಗುಡ್ಡದ ಕಡೆಯವಳು" ಎನ್ನುತ್ತಿದ್ದಳು.

ಫೆಬ್ರವರಿಯಲ್ಲಿ ಎರಡು ಭಾನುವಾರ ಎರ್ಸಿಲಿಯಾ ಬರಲಿಲ್ಲ. ಮೂರನೆಯ ಭಾನುವಾರ ಬಂದವಳು ಕಾಳು ಕೊಳ್ಳಲಿಲ್ಲ.

"ಮನೇಲಿ ನನ್ನ ತೆರ್ನಿ ಊರಿನ ರೈಲ್ವೆಯವನಿಗೆ ಕೊಡ್ಬೇಕು ಅಂತ ಮಾಡಿದ್ದಾರೆ, ಸೋರಾ. ಈಸ್ಟರ್ ಆದ್ಮೇಲಿನ ಭಾನುವಾರ. ಕಳ್ಳನ್ನ ಕಾಯ್ತಾ ಕೂತಿದ್ದಾಳೆ ಅಂತ ಬೀದಿಯೆಲ್ಲ ಆಡ್ಕೋತಾರಂತೆ. ಅಮ್ಮ ಊಟ ಬಿಟ್ಟಿದ್ದಾಳೆ."

"ನೀನೇನಂತೀಯ?"

"ಅವ್ನಿಗೆ ಹೇಳಿ. ತೆರ್ನಿಯವನನ್ನ ಮದ್ವೆ ಆಗ್ತಾ ಇದ್ದಾಳೆ, ಕಾಯಬೇಡ ಅಂತ. ಇಷ್ಟೇ ಹೇಳಿ. ಇದಕ್ಕಿಂತ ಜಾಸ್ತಿ ಒಂದು ಮಾತೂ ಬೇಡ."

"ನೀನೇ ನಿಂತ್ಕೊಂಡು ಕೇಳು ಮತ್ತೆ."

"ಆಗಲ್ಲ, ನನ್ನ ಕೈಲಿ ಆಗಲ್ಲ." ಎರ್ಸಿಲಿಯಾ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು ಇಳಿಜಾರಿನ ದಾರಿ ಹಿಡಿದಳು. ದಾರಿ ಬದಿಯ ಮೂಗು ಮುರಿದ ಕಲ್ಲು ವೀರರ ವಿಗ್ರಹಗಳ ಸಾಲನ್ನು ದಾಟಿ ತಿರುವಿನಲ್ಲಿ ಮರೆಯಾಗುವವರೆಗೂ ಅವಳ ಮೊಣಕೈಗಳು ಎರಡು ಕಡೆ ಚಾಚಿಕೊಂಡೇ ಇದ್ದವು.

ಸೆತ್ತಿಮಿಯಾ ಕಟ್ಟೆಯ ಹತ್ತಿರ ಹೋದಳು. ಕೈ ಬಾಯಿಗೆ ಹಿಡಿದಳು. ಕೆಳಗಿನ ಕಿಟಕಿಗಳೆಲ್ಲ ಆಗಲೇ ಮೌನವಾಗಿದ್ದವು; ಭಾನುವಾರ ಈ ಹೊತ್ತಿಗೆ ಒಬ್ಬನ ಸುದ್ದಿಗೆ ಒಂಬೈನೂರು ಕಿವಿ. ಅದನ್ನು ಅವಳು ಬಲ್ಲಳು. ಹುಡುಗಿ ಕೈ ಬಿಟ್ಟ ಸುದ್ದಿ ಕೂಗಿದರೆ ನಾಳೆಯಿಂದ ಊಟದ ಸಾಲಿನಲ್ಲಿ ಅವನ ತಲೆಯ ಮೇಲೆ ಹೆಣ್ಣು ಕೈಕೊಟ್ಟವನ ಗುರುತೆಂದು ಎರಡು ಬೆರಳು ಕೊಂಬು ಮಾಡಿ ಕುಣಿಯುತ್ತಾರೆ. ಅದೂ ಅಲ್ಲದೆ ಈಸ್ಟರ್‌ಗೆ ಇನ್ನೂ ಆರು ವಾರವಿದೆ, ಹುಡುಗಿಯ ಮನಸ್ಸು ತಿರುಗಬಹುದು, ತೆರ್ನಿಯವನಿಗೆ ಇನ್ನೊಬ್ಬಳು ಸಿಗಬಹುದು.

"ಒರೆಸ್ತೇ! ಎರ್ಸಿಲಿಯಾಗೆ ನೆಗಡೀ! ಅದಕ್ಕೇ ಬಂದಿರ್ಲಿಲ್ಲಾ! ಕಾಯ್ತಿದ್ದಾಳೇ!"

ಬಿಳಿ ಬಟ್ಟೆ ಬಂತು. ಮೂರು ಸಲ ಬೀಸಿತು. ಎಂದಿಗಿಂತ ಅಗಲವಾಗಿ.

ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ರಿಗೆತ್ತೊ ತಲೆ ಹೊರಹಾಕಿದ. ಅವನು ಹುಡುಗಿಯ ಮಾತನ್ನೂ ಕೇಳಿಸಿಕೊಂಡಿದ್ದ, ಇವಳ ಕೂಗನ್ನೂ ಕೇಳಿಸಿಕೊಂಡಿದ್ದ. "ಅವ್ನು ಪ್ರವಾಸಿಗ ಅಲ್ಲ ಕಣೇ, ಸೆತ್ತಿಮಿಯಾ," ಎಂದ.

"ನಿನ್ನ ಪೆಟ್ಟಿಗೆ ನೀನು ನೋಡ್ಕೊ," ಎಂದಳು.

ಮುಂದಿನ ಗುರುವಾರ, ಕೆಲಸದ ದಿನ, ಎರ್ಸಿಲಿಯಾ ಇಸ್ತ್ರಿ ಅಂಗಡಿಯ ಏಪ್ರನ್ನಿನಲ್ಲೇ ಏದುಸಿರು ಬಿಡುತ್ತ ಹತ್ತಿ ಬಂದಳು. ಬಂದವಳೇ ಕೇಳಿದ್ದು ಒಂದೇ ಮಾತು.

"ಎಷ್ಟು ಸಲ ಬೀಸಿದ?"

ಸೆತ್ತಿಮಿಯಾ ಇದಕ್ಕೆ ತಯಾರಾಗಿರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ. ಬಟ್ಟೆ ಎಷ್ಟು ಸಲ ಬೀಸಿತು ಎಂದು ಕೇಳಿದರೆ ನಾಲಿಗೆ ತಾನೇ ಹೇಳಿಬಿಡುತ್ತದೆ. ಅದೊಂದರಲ್ಲಿ ಅವಳು ಎಂದೂ ಸುಳ್ಳಾಡಿದವಳಲ್ಲ.

"ಮೂರು," ಎಂದಳು.

"ಮೂರಾ?"

"ಮೂರು ಸಲ."

ಎರ್ಸಿಲಿಯಾ ಕಟ್ಟೆಯ ಮೇಲೆ ಕೂತಳು. ಎದುರಿಗೆ ಇಡೀ ಊರು ಬಿಸಿಲಲ್ಲಿ ಹರಡಿತ್ತು. "ಒಂದು ಸಲ ಬೀಸ್ತಾನೆ ಅಂದ್ಕೊಂಡಿದ್ದೆ ಸೋರಾ. ಒಂದೇ ಒಂದು ಸಲ ಬೀಸಿದ್ರೆ ಅಮ್ಮನ ಕಾಲು ಹಿಡಿದು ಬೇಡ ಅಂತಿದ್ದೆ. ನಾಲ್ಕು ದಿನದಿಂದ ಇದೇ ಯೋಚ್ನೆ. ಮೂರು ಸಲ ಬೀಸ್ಬಿಟ್ಟನಾ? ಅಷ್ಟು ಸಲೀಸಾಗಿ?"

ಸೆತ್ತಿಮಿಯಾ ಬಾಯಿ ತೆರೆದಳು. ನದಿಯಾಚೆಗೂ ಮುಟ್ಟುವ ಗಂಟಲು ಅದು, ಒಂದು ಗೇಣು ದೂರದಲ್ಲಿ ಕೂತ ಹುಡುಗಿಯ ಕಿವಿಗೆ ಮುಟ್ಟಲಿಲ್ಲ. ನಾನು ಹೇಳಲೇ ಇಲ್ಲ ಕಣಮ್ಮ ಎಂದರೆ ಸಾಕಿತ್ತು. ನಾಲ್ಕು ಮಾತು. ಹಾಗೆ ಅಂದರೆ ತಾನು ಕೂಗಿದ್ದೆಲ್ಲ, ಇಪ್ಪತ್ತೆರಡು ವರ್ಷದ 'ಅಜ್ಜಿ ಹುಷಾರಾಗಿದ್ದಾಳೆ'ಗಳೆಲ್ಲ, ಈ ಹುಡುಗಿಯ ಕಣ್ಣಿನಲ್ಲಿ ಏನಾಗುತ್ತವೆ? ಅಷ್ಟರಲ್ಲಿ ಹನ್ನೆರಡರ ತೋಪು ಹಾರಿತು. ಗುಡ್ಡದ ಮೇಲೆ ದಿನವೂ ಹಾರುವ ತೋಪೇ. ಪ್ರವಾಸಿಗರು ಕಿರುಚಿ ನಕ್ಕರು, ಪಾರಿವಾಳ ಎದ್ದವು. ಸದ್ದು ಅಡಗುವ ಹೊತ್ತಿಗೆ ಎರ್ಸಿಲಿಯಾ ಏಪ್ರನ್ ಕೊಡವಿಕೊಂಡು ಎದ್ದಿದ್ದಳು.

"ಇರ್ಲಿ ಬಿಡಿ. ನಿಮ್ಗೂ ಕಷ್ಟ ಕೊಟ್ಟೆ."

ಸೋರಬೇಕಾದ ಒಂದೇ ಒಂದು ಮಾತು ಸೋರಲಿಲ್ಲ. ಈಸ್ಟರ್ ಆದ ಮೇಲಿನ ಭಾನುವಾರ ಮದುವೆಯಾಯಿತು, ಸೋಮವಾರ ದಂಪತಿಗಳು ತೆರ್ನಿಯ ರೈಲು ಹತ್ತಿದರು.

ಸೆತ್ತಿಮಿಯಾ ಕೂಗುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೆಳಗಿನವನು ಏನೆಂದುಕೊಂಡಾನು? ಪ್ರತಿ ಭಾನುವಾರ, ಯಾರೂ ಹೇಳಿಕೊಡದ ಸುದ್ದಿ: ಎರ್ಸಿಲಿಯಾ ಚೆನ್ನಾಗಿದ್ದಾಳೆ; ಎರ್ಸಿಲಿಯಾ ಹೊಸ ಚಪ್ಪಲಿ ಕೊಂಡಳು. ಸುಳ್ಳು ಬರುಬರುತ್ತ ಸಣ್ಣದಾಗಿ, ನಿಜದ ಹಾಗೇ ಕಾಣತೊಡಗಿತ್ತು. ಬಟ್ಟೆ ಪ್ರತಿ ಸಲವೂ ಮೂರು ಬಾರಿ ಬೀಸುತ್ತಿತ್ತು. ರಿಗೆತ್ತೊ ಆ ಹೊತ್ತಿಗೆ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಹೊರಗೆ ಬರುತ್ತಲೇ ಇರಲಿಲ್ಲ.

ಒರೆಸ್ತೆ ಜನವರಿಯಲ್ಲಿ ಬಿಡುಗಡೆಯಾದ. ಅವನು ಮೊದಲು ಹೋದದ್ದು ಎರ್ಸಿಲಿಯಾಳ ಮನೆಗೆ. ಅಲ್ಲಿಂದ ನೇರ ಗುಡ್ಡಕ್ಕೆ.

ಸೆತ್ತಿಮಿಯಾ ಅವನ ಮುಖ ಎಂದೂ ನೋಡಿದವಳಲ್ಲ, ಆದರೂ ದಾರಿಯ ತಿರುವಿನಲ್ಲೇ ಗುರುತು ಹಿಡಿದಳು. ತೆಳ್ಳಗೆ, ಎತ್ತರಕ್ಕೆ, ಹಳೆಯ ಕೋಟಿನಲ್ಲಿ. ಕಂಕುಳಲ್ಲಿ ಬೆಂಕಿಕಡ್ಡಿಗಳನ್ನು ಅಂಟಿಸಿ ಮಾಡಿದ ಒಂದು ಪುಟ್ಟ ದೀಪಸ್ತಂಭ.

"ಸೋರಾ ಸೆತ್ತಿಮಿಯಾ ನೀವೇನಾ?"

"ನಾನೇ ಕಣಪ್ಪ."

"ದನಿ ಕೇಳಿ ಭಾರೀ ಆಳು ಅಂದ್ಕೊಂಡಿದ್ದೆ. ಇಷ್ಟೇ ಇದ್ದೀರಾ?" ಅವನು ನಗಲು ನೋಡಿದ. "ಇದನ್ನ ಅವ್ಳಿಗೆ ಅಂತ ಮಾಡಿದ್ದೆ. ಅವ್ಳು ನಿಂತ್ಕೊಳ್ಳೋ ಜಾಗ ಅಲ್ವಾ. ಒಳಗಿಂದ ತುದಿ ಒಂದೇ ಕಾಣೋದು. ಬುಡ ನಾನೇ ಊಹೆ ಮಾಡಿದ್ದು." ದೀಪಸ್ತಂಭವನ್ನು ಅವಳ ಕಾಳಿನ ಬುಟ್ಟಿಯ ಪಕ್ಕದಲ್ಲಿಟ್ಟು, ನಿಜವಾದ ದೀಪಸ್ತಂಭದ ಬುಡವನ್ನು ತಲೆಯೆತ್ತಿ ನೋಡಿದ. "ತಪ್ಪು ಮಾಡಿದ್ದೀನಿ. ಬಾಗಿಲು ಈ ಕಡೆ ಇದೆ."

ಆಮೇಲೆ ಕೇಳಿದ: "ಅವ್ಳ ಅಮ್ಮ ಬಾಗ್ಲು ತೆಗೆದ್ರು. ಏಪ್ರಿಲ್‌ನಲ್ಲೇ ಮದ್ವೆ ಆಯ್ತಂತೆ. ಹೊಸ ಚಪ್ಪಲಿ ಯಾವಾಗ ಕೊಂಡ್ಲು ಸೋರಾ?"

ಅವಳು ಎಲ್ಲವನ್ನೂ ಹೇಳಿದಳು. ಕೂಗಿದ ಸುಳ್ಳು, ಎರ್ಸಿಲಿಯಾ ಬಂದು 'ಎಷ್ಟು ಸಲ' ಎಂದು ಕೇಳಿದ್ದು, ತಾನು 'ಮೂರು' ಎಂದದ್ದು, ಅವಳು 'ಒಂದು' ಅಂತ ಕಾಯುತ್ತಿದ್ದದ್ದು. ಪಿಸುದನಿಯಲ್ಲಿ ಹೇಳಿದಳು. ಅವಳಿಗೆ ಪಿಸುದನಿ ಬರುತ್ತದೆ ಎಂದು ರಿಗೆತ್ತೊಗೆ ಗೊತ್ತಾದದ್ದೇ ಅವತ್ತು.

ಒರೆಸ್ತೆ ಬೈಯಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕಟ್ಟೆಗೆ ಒರಗಿ, ಕೆಳಗೆ ಮೂರನೇ ತೋಳಿನ ಯಾವುದೋ ಕಿಟಕಿಯನ್ನೇ ನೋಡುತ್ತಿದ್ದ.

"ನಗ್ತಾರೆ ಅಂತ ಕೂಗ್ಲಿಲ್ವಾ?"

"ಹೌದಪ್ಪ."

"ನಗ್ತಿದ್ರು. ಒಂದು ವಾರ ನಗ್ತಿದ್ರು." ಬೆರಳಿನಿಂದ ಕಟ್ಟೆಯ ಕಲ್ಲು ಕೆರೆದ. "ಈಗ ಕೂಗಿ ಸೋರಾ."

"ಏನನ್ನ?"

"ಅವ್ಳು ಹೇಳಿದ್ದನ್ನ. ಹೇಳಿದ ಹಾಗೇ. ನಂಗೆ ಆ ಸುದ್ದಿ ಇನ್ನೂ ಬಂದೇ ಇಲ್ಲ."

ಸೆತ್ತಿಮಿಯಾ ರಿಗೆತ್ತೊ ಕಡೆ ನೋಡಿದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಅವಳು ಕಟ್ಟೆಗೆ ಹೋಗಿ ಕೈಗಳನ್ನು ಬಾಯಿಗೆ ಹಿಡಿದಳು.

"ಮೂರನೇ ತೋಳಿನ ಒರೆಸ್ತೇ! ಎರ್ಸಿಲಿಯಾ ತೆರ್ನಿಯವನನ್ನ ಮದ್ವೆ ಆಗ್ತಾ ಇದ್ದಾಳೇ! ಕಾಯಬೇಡ!"

ಕೆಳಗೆ ಎಲ್ಲಿಂದಲೋ ಯಾರೋ ನಕ್ಕರು, ಇನ್ನೊಬ್ಬ ಶಿಳ್ಳೆ ಹೊಡೆದ. ಆ ಹೆಸರಿನವನು ಅಲ್ಲಿ ಯಾರೂ ಇರಲಿಲ್ಲ, ಆದ್ದರಿಂದ ಬಟ್ಟೆಯೂ ಹೊರಬರಲಿಲ್ಲ.

ಅವಳ ಪಕ್ಕದಲ್ಲಿ ಒರೆಸ್ತೆ ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದ. ಕೈ ಪೂರ್ತಿ ಮೇಲೆತ್ತಿ ಬೀಸಿದ. ಒಂದು ಸಲ. ಕರವಸ್ತ್ರವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡು ಇಳಿಜಾರಿನ ದಾರಿಯಲ್ಲಿ ಹೊರಟುಹೋದ. ಬೆಂಕಿಕಡ್ಡಿಯ ದೀಪಸ್ತಂಭ ಬುಟ್ಟಿಯ ಪಕ್ಕದಲ್ಲೇ ಉಳಿಯಿತು. ಅದರ ಬಾಗಿಲು ತಪ್ಪು ಕಡೆಗಿತ್ತು.

ಸ್ವಲ್ಪ ಹೊತ್ತಿಗೆ ಯಾವುದೋ ದೇಶದ ಹೆಂಗಸೊಬ್ಬಳು ಗಂಡನ ತೋಳು ಹಿಡಿದು ಬಂದು, ದೂರದ ಬಿಳಿ ಕಟ್ಟಡದ ಕಡೆಗೆ ಬೆರಳು ಮಾಡಿ, ಅದೇನು ಎಂದು ಮುರುಕು ಭಾಷೆಯಲ್ಲಿ ಕೇಳಿದಳು. ಸೆತ್ತಿಮಿಯಾ ಅವಳ ಬೆರಳು ತೋರಿಸಿದ ಕಡೆಗೆ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಗೊತ್ತಿಲ್ಲಮ್ಮ," ಎಂದಳು. "ನಾನು ಸರಿಯಾಗಿ ನೋಡೇ ಇಲ್ಲ."